ಉಪಗ್ರಹದ ಚಿತ್ರ ಹೊಲದವರೆಗೆ ತಲುಪುವ ಬಗೆ

ಭೂಮಿಯನ್ನು ವೀಕ್ಷಿಸುವ ಕೃತಕ ಉಪಗ್ರಹವೊಂದು ಕೊಪ್ಪಳ ಜಿಲ್ಲೆಯನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿಹೋಗಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಕುಷ್ಟಗಿಯ ಮಸಾರಿ ಹೊಲಗಳು, ಯಲಬುರ್ಗಾದ ಎರೆಭೂಮಿ, ಕೊಪ್ಪಳದ ಬಂಡೆಗುಡ್ಡಗಳು, ಗಂಗಾವತಿಯ ಭತ್ತದ ಗದ್ದೆಗಳು ಇವೆಲ್ಲವೂ ಅದರ ಕಣ್ಣಿಗೆ ಬಿದ್ದು ಅಂಕಿಗಳಾಗಿ ಮಾರ್ಪಟ್ಟು ನೆಲದ ನಿಲ್ದಾಣವನ್ನು ಸೇರುತ್ತವೆ. ಆದರೆ ಆ ಚಿತ್ರ ಅದರ ಅವಶ್ಯಕತೆಯಿರುವ ಅಧಿಕಾರಿಯ ಮೇಜನ್ನೋ, ಗ್ರಾಮ ಪಂಚಾಯತಿಯನ್ನೋ, ರೈತನ ಕೈಯನ್ನೋ ತಲುಪಬೇಕಾದರೆ ಕೆಲವು ವೇಳೆ ದಿನಗಳು, ಕೆಲವು ವೇಳೆ ತಿಂಗಳುಗಳೇ ಉರುಳುತ್ತವೆ. ಎಷ್ಟೋ ಸಲ ಅದು ತಲುಪುವುದೇ ಇಲ್ಲ. ಚಿತ್ರ ತೆಗೆಯುವ ವಿದ್ಯೆ ನಮ್ಮ ದೇಶಕ್ಕೆ ಕರಗತವಾಗಿ ದಶಕಗಳು ಕಳೆದಿವೆ. ತೆಗೆದುದನ್ನು ಹುಡುಕಿ ಹೊರತೆಗೆದು ಸಕಾಲಕ್ಕೆ ತಲುಪಿಸುವ ವಿದ್ಯೆಯೇ ಈಗ ಸರ್ಕಾರಗಳನ್ನು ಕಾಡುತ್ತಿರುವ ಸಮಸ್ಯೆ. ಇದಕ್ಕಾಗಿಯೇ ಅವು ಖಾಸಗಿ ಕಂಪನಿಗಳ ಬಾಗಿಲು ತಟ್ಟತೊಡಗಿವೆ.

ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗಕ್ಕೆ ವಸ್ತುವಾದದ್ದು ತೆಂಗಿನ ಮರ. 1970ರಲ್ಲಿ ಕೇರಳದ ತೆಂಗಿನ ತೋಟಗಳಿಗೆ ಬೇರುರೋಗ ತಗುಲಿದಾಗ, ಪಿ. ಆರ್. ಪಿಶಾರೋಟಿ ಅವರ ನೇತೃತ್ವದಲ್ಲಿ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಗಳನ್ನು ತೆಗೆದು ರೋಗದ ಮರಗಳನ್ನು ಗುರುತಿಸಲಾಯಿತು. 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದನಾ ಸಂಸ್ಥೆ ಸ್ಥಾಪನೆಗೊಂಡಿತು. 1979ರಲ್ಲಿ ‘ಭಾಸ್ಕರ’, 1988ರ ಮಾರ್ಚ್ 17ರಂದು ‘ಐ.ಆರ್.ಎಸ್.-1ಎ’ ಕಕ್ಷೆಯನ್ನು ಸೇರಿದವು. ಹಿಂದೊಮ್ಮೆ ಕೊಪ್ಪಳ ಸೀಮೆಯ ಸರ್ಕಾರಿ ಕಾಗದಗಳೆಲ್ಲ ಹೈದರಾಬಾದಿಗೇ ಹೋಗಬೇಕಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಆ ಸಂಬಂಧ ಕಡಿದುಹೋಯಿತು. ಆದರೆ ಈ ಸೀಮೆಯ ಆಕಾಶಚಿತ್ರಗಳು ಮೊದಲು ಬಂದಿಳಿಯುವುದು ಇಂದಿಗೂ ಹೈದರಾಬಾದಿನ ಸಮೀಪದ ಶಾದನಗರದ ನಿಲ್ದಾಣದಲ್ಲಿಯೇ ಎಂಬುದು ಒಂದು ಸೋಜಿಗ.

ಆ ಮೊದಲ ದಿನಗಳಲ್ಲಿ ಚಿತ್ರ ಬೇಕಾದವರು ಸಂಸ್ಥೆಗೆ ಪತ್ರ ಬರೆದು, ಹಣ ಸಂದಾಯ ಮಾಡಿ, ಫಿಲ್ಮೋ ಕಾಗದದ ಪ್ರತಿಯೋ ಕಾಂತಪಟ್ಟಿಯ ಸುರುಳಿಯೋ ಬರುವವರೆಗೆ ಕಾಯುತ್ತಿದ್ದರು. ಐ.ಆರ್.ಎಸ್.-1ಎ ಒಂದೇ ಸ್ಥಳದ ಮೇಲೆ ಮತ್ತೆ ಬರುತ್ತಿದ್ದುದೇ 22 ದಿನಗಳಿಗೊಮ್ಮೆ. ಆದ್ದರಿಂದ ಅಂಚೆಯ ವಿಳಂಬ ಯಾರಿಗೂ ದೊಡ್ಡದಾಗಿ ತೋರುತ್ತಿರಲಿಲ್ಲ. ಅರಣ್ಯವೆಷ್ಟು, ಬಂಜರೆಷ್ಟು ಎಂಬಂತಹ ನಿಧಾನವಾಗಿ ಬದಲಾಗುವ ಸಂಗತಿಗಳಿಗೆ ಆ ವೇಗ ಸಾಕಾಗಿತ್ತು.

ಉಪಗ್ರಹಚಿತ್ರವೆಂದರೆ ಛಾಯಾಚಿತ್ರವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ನೆಲವನ್ನು ಸಮಾನ ಚೌಕಗಳನ್ನಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಿಂದ ಎಷ್ಟು ಬೆಳಕು ಪ್ರತಿಫಲಿಸಿತು ಎಂಬುದನ್ನು ಬೇರೆ ಬೇರೆ ಬಣ್ಣಗಳಲ್ಲಿ ಅಳೆದು ಬರೆದಿಟ್ಟ ಅಂಕಿಗಳ ಕೋಷ್ಟಕವದು. ಆ ಚೌಕದ ಗಾತ್ರದ ಮೇಲೆ ಚಿತ್ರದ ಉಪಯುಕ್ತತೆ ನಿಂತಿದೆ. ಐ.ಆರ್.ಎಸ್.-1ಎ ಹೊತ್ತ ಮೊದಲ ಕ್ಯಾಮೆರಾದ ಚೌಕ 72.5 ಮೀಟರಿನದು; ಅಂದರೆ ಒಂದು ಚೌಕದೊಳಗೆ ಒಂದು ಎಕರೆ ಹನ್ನೆರಡು ಗುಂಟೆಯ ಹೊಲ ಪೂರ್ತಿಯಾಗಿ ಅಡಗಿಹೋಗುತ್ತಿತ್ತು. ಅನಂತರದ ಲಿಸ್-3 ಕ್ಯಾಮೆರಾದ 23.5 ಮೀಟರಿನ ಚೌಕಗಳು ಎಕರೆಗೆ ಏಳರಂತೆ ಬರುತ್ತವೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚೌಕ 10 ಮೀಟರಿನದು, ಅಂದರೆ 100 ಚದರ ಮೀಟರು. ನಮ್ಮ ಒಂದು ಗುಂಟೆ 101 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಯೂರೋಪಿನವರು ನಮ್ಮ ಗುಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಪಗ್ರಹ ಮಾಡಲಿಲ್ಲವೆಂಬುದು ನಿಜ. ಆದರೂ ಗುಂಟೆಗೊಂದು ಚೌಕದಂತೆ ನಮ್ಮ ಹೊಲಗಳು ಐದು ದಿನಗಳಿಗೊಮ್ಮೆ ಅಳೆಯಲ್ಪಡುತ್ತಿವೆ. 2005ರ ಕಾರ್ಟೋಸ್ಯಾಟ್-1ರ 2.5 ಮೀಟರಿನ ಚೌಕಗಳು ಗುಂಟೆಗೆ ಹದಿನಾರು. 2019ರ ಕಾರ್ಟೋಸ್ಯಾಟ್-3ಕ್ಕಾದರೋ ಹೊಲದ ಬದು, ಬಾವಿಯ ಕಟ್ಟೆ, ನಿಲ್ಲಿಸಿದ ಟ್ರ್ಯಾಕ್ಟರು ಎಲ್ಲವೂ ಗೋಚರ.

ಬಣ್ಣಗಳ ವಿಷಯವೂ ಹೀಗೆಯೇ ಕುತೂಹಲಕರವಾದುದು. ಹಸಿರೆಲೆ ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಅದು ನಮ್ಮ ಕಣ್ಣಿಗೆ ಕಾಣದು. ಕಾಣಿಸಲೆಂದು ಚಿತ್ರದಲ್ಲಿ ಅದಕ್ಕೆ ಕೆಂಪು ಬಣ್ಣ ಕೊಡುವ ರೂಢಿಯಿದೆ. ಆದ್ದರಿಂದ ಸೊಂಪಾಗಿ ಬೆಳೆದ ಗಂಗಾವತಿಯ ಭತ್ತ ಚಿತ್ರದಲ್ಲಿ ಕಡುಗೆಂಪಾಗಿ ತೋರುತ್ತದೆ. ಅದೇ ಗದ್ದೆ ನಾಟಿಯ ಹೊತ್ತಿನಲ್ಲಿ ನೀರು ನಿಂತು ಕಪ್ಪಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿಯ ಸಜ್ಜೆ, ಶೇಂಗಾದ ಹೊಲಗಳ ಮೇಲೆ ಆ ಕೆಂಪು ಏರುವುದೇ ಇಲ್ಲ. ಕೆಂಪು ಬೆಳಕಿಗೂ ಅವಕೆಂಪಿಗೂ ಇರುವ ಅಂತರವನ್ನು ಲೆಕ್ಕ ಹಾಕಿ ಪಡೆಯುವ ಸಂಖ್ಯೆಗೆ ಸಸ್ಯಸೂಚ್ಯಂಕವೆಂದು ಹೆಸರು. ಬೆಳೆಯ ಆರೋಗ್ಯವನ್ನು ಕುರಿತು ಆಕಾಶದಿಂದ ಹೇಳುವ ಮಾತೆಲ್ಲ ಬಹುಮಟ್ಟಿಗೆ ಈ ಸಂಖ್ಯೆಯನ್ನೇ ಆಧರಿಸಿದೆ.

ಇಷ್ಟೆಲ್ಲ ಚಿತ್ರಗಳು ದಿನದಿನವೂ ಬಂದು ಬೀಳುವ ಭಂಡಾರದಲ್ಲಿ ಬೇಕಾದುದೊಂದನ್ನು ಹುಡುಕುವುದು ಹೇಗೆ? ಹಳೆಯ ಕಾಲದ ಕುಲಕರ್ಣಿಯ ಮನೆಯಲ್ಲಿ ದಫ್ತರದ ಗಂಟುಗಳಿರುತ್ತಿದ್ದವು. ಯಾವ ಗಂಟಿನಲ್ಲಿ ಯಾವ ಸಾಲಿನ ಪಹಣಿಯಿದೆಯೆಂಬುದು ಆತನಿಗೆ ಮಾತ್ರ ಗೊತ್ತು; ಆತ ಊರಿನಲ್ಲಿಲ್ಲದಿದ್ದರೆ ದಫ್ತರವಿದ್ದೂ ಇಲ್ಲದಂತೆಯೇ. ಚಿತ್ರಭಂಡಾರದಲ್ಲಿ ಈ ತೊಂದರೆಯನ್ನು ನಿವಾರಿಸಲು ಪ್ರತಿ ಚಿತ್ರಕ್ಕೂ ಒಂದು ವಿವರಪತ್ರವನ್ನು ಅಂಟಿಸಿರುತ್ತಾರೆ. ಚಿತ್ರ ಆವರಿಸಿದ ನೆಲದ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶಗಳು, ಉಪಗ್ರಹದ ಹಾದಿಯ ಸಂಖ್ಯೆ, ತೆಗೆದ ದಿನ ಮತ್ತು ವೇಳೆ, ಕ್ಯಾಮೆರಾದ ಹೆಸರು, ಮೋಡ ಎಷ್ಟು ಪಾಲು ಮುಚ್ಚಿತ್ತು ಎಂಬ ಅಂದಾಜು ಇವೆಲ್ಲ ಅದರಲ್ಲಿರುತ್ತವೆ. ರಾಷ್ಟ್ರೀಯ ದೂರಸಂವೇದನಾ ಕೇಂದ್ರವು 2009ರ ಆಗಸ್ಟಿನಲ್ಲಿ ಆರಂಭಿಸಿದ ‘ಭುವನ್’ ಚಿತ್ರಗಳನ್ನು ನೋಡುವುದಕ್ಕೆ ಅನುಕೂಲವಾದುದು. ಮುಂದೆ ಬಂದ ‘ಭೂನಿಧಿ’ ಚಿತ್ರಗಳನ್ನು ಹುಡುಕಿ ಪಡೆಯುವುದಕ್ಕಾಗಿಯೇ ಏರ್ಪಟ್ಟದ್ದು. ನೋಡುವುದು ಬೇರೆ, ಪಡೆಯುವುದು ಬೇರೆ. ಈ ಭೇದವನ್ನು ಅನೇಕರು ಮರೆಯುತ್ತಾರೆ.

ಹುಡುಕಾಟದ ಮಹತ್ವ ತುಂಗಭದ್ರಾ ಜಲಾಶಯದ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. 1953ರಲ್ಲಿ ನೀರು ನಿಲ್ಲಿಸತೊಡಗಿದಾಗ ಈ ಜಲಾಶಯದ ಧಾರಣಶಕ್ತಿ ಸುಮಾರು 133 ಟಿ.ಎಂ.ಸಿ. ಆಗಿತ್ತು, ಹೂಳು ತುಂಬಿ ಅದೀಗ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತನ ಎರಡನೆಯ ಬೆಳೆ ಈ ಅಂತರದಲ್ಲಿಯೇ ಕರಗಿಹೋಗಿದೆ. ಹೂಳನ್ನು ದೋಣಿಯಲ್ಲಿ ಕುಳಿತು ಆಳ ನೋಡಿ ಅಳೆಯಬಹುದು; ಅದು ಖರ್ಚಿನ, ದೀರ್ಘಾವಧಿಯ ಕೆಲಸ. ಇನ್ನೊಂದು ದಾರಿ ಚಿತ್ರಗಳದು. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ. ನೀರು ಆ ಮಟ್ಟದಿಂದ ಕ್ರಮವಾಗಿ ಇಳಿಯುತ್ತ ಹೋದಂತೆ ಬೇರೆ ಬೇರೆ ದಿನಗಳ ಚಿತ್ರಗಳಲ್ಲಿ ನೀರಿನ ಹರವು ಕಿರಿದಾಗುತ್ತ ಬರುತ್ತದೆ. ಆಯಾ ದಿನದ ಮಟ್ಟವನ್ನು ಅಣೆಕಟ್ಟಿನ ದಾಖಲೆಯಿಂದಲೂ ಹರವನ್ನು ಚಿತ್ರದಿಂದಲೂ ತೆಗೆದುಕೊಂಡು, ಎರಡು ಮಟ್ಟಗಳ ನಡುವೆ ನಿಲ್ಲುವ ನೀರೆಷ್ಟೆಂದು ಲೆಕ್ಕ ಹಾಕುತ್ತಾರೆ. ಹಿಂದಿನ ಲೆಕ್ಕಕ್ಕಿಂತ ಕಡಿಮೆ ಬಂದಷ್ಟೂ ಹೂಳು. ನೀರು ಎಂದೂ ಇಳಿಯದ ತಳಭಾಗದ ಹೂಳು ಈ ಕ್ರಮಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ದೋಣಿಯೇ ಬೇಕು.

ವಿಧಾನ ಸರಳವಾಗಿ ತೋರಬಹುದು. ಆದರೆ ಇದಕ್ಕೆ ಬೇಕಾದ ಚಿತ್ರಗಳು ಎಂತಹವು ಎಂಬುದನ್ನು ಯೋಚಿಸಬೇಕು: ಒಂದೇ ಜಲವರ್ಷದವು, ನಿರ್ದಿಷ್ಟ ಮಟ್ಟಗಳ ದಿನಗಳವು, ಜಲಾಶಯದ ಸುಮಾರು 378 ಚದರ ಕಿಲೋಮೀಟರಿನ ಪೂರ್ಣ ಹರವಿನ ಮೇಲೆ ಒಂದು ತುಂಡು ಮೋಡವೂ ಇಲ್ಲದವು. ಸಾವಿರಾರು ಚಿತ್ರಗಳಲ್ಲಿ ಇಂತಹ ಏಳೆಂಟು ದೊರೆತರೆ ಭಾಗ್ಯ. ಮೋಡದ ಅಂದಾಜು ಇಡೀ ಚಿತ್ರಕ್ಕೆ ಸಂಬಂಧಿಸಿದ್ದು; ಶೇಕಡಾ 20ರಷ್ಟು ಮೋಡವೆಂದು ತಳ್ಳಿಹಾಕಿದ ಚಿತ್ರದಲ್ಲಿ ಜಲಾಶಯದ ಭಾಗ ಮಾತ್ರ ನಿಚ್ಚಳವಾಗಿರಬಹುದು, ಶೇಕಡಾ 5 ಎಂದು ಆರಿಸಿದ ಚಿತ್ರದ ಮೋಡವೆಲ್ಲ ಮುನಿರಾಬಾದಿನ ಮೇಲೆಯೇ ಕವಿದಿರಬಹುದು. ಭಂಡಾರವು ಬಲ್ಲದ್ದು ಚಿತ್ರವನ್ನು. ಕೇಳುವವನಿಗೆ ಬೇಕಾದದ್ದು ಸ್ಥಳ.

ಇದಕ್ಕಿಂತ ಗಂಭೀರವಾದ ಪ್ರಸಂಗ ಬರಗಾಲದ್ದು. 2016ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಬರ ನಿರ್ವಹಣಾ ಕೈಪಿಡಿಯಂತೆ ತಾಲ್ಲೂಕೊಂದನ್ನು ಬರಪೀಡಿತವೆಂದು ಸಾರಲು ಮಳೆಯ ಕೊರತೆಯೊಂದೇ ಸಾಲದು. ಬಿತ್ತನೆಯ ಪ್ರಮಾಣ, ಮಣ್ಣಿನ ತೇವ, ಜಲಮೂಲಗಳ ಸ್ಥಿತಿ ಇವುಗಳ ಜೊತೆಗೆ ಉಪಗ್ರಹದಿಂದ ಪಡೆದ ಸಸ್ಯಸೂಚ್ಯಂಕವನ್ನೂ ಪರಿಗಣಿಸಬೇಕು. ಅನಂತರ ಶೇಕಡಾ 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ಪರಿಶೀಲಿಸಬೇಕು. ಮುಂಗಾರಿನ ಈ ನಿರ್ಣಯ ಅಕ್ಟೋಬರ್ ಅಂತ್ಯದೊಳಗೆ ಆಗಬೇಕು. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದದ್ದು ಈ ಕ್ರಮದಿಂದಲೇ. ಬೆಳೆವಿಮೆಯಲ್ಲಿಯೂ ಇಂತಹುದೇ ಬದಲಾವಣೆಯಾಗಿದೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿಯ ಅಂದಾಜಿನಲ್ಲಿ ಶೇಕಡಾ 30ರ ತೂಕವನ್ನು ಇಂತಹ ತಾಂತ್ರಿಕ ಲೆಕ್ಕಕ್ಕೆ ಕೊಟ್ಟಿತು.

ಆಕಾಶದ ಚಿತ್ರ ಈಗ ವಿಜ್ಞಾನಿಯ ಕುತೂಹಲದ ವಸ್ತುವಾಗಿ ಮಾತ್ರ ಉಳಿದಿಲ್ಲ. ಯಲಬುರ್ಗಾದ ಒಕ್ಕಲಿಗನಿಗೆ ಪರಿಹಾರ ಬಂದೀತೇ ಬಾರದೇ ಎಂಬುದರಲ್ಲಿ ಅದಕ್ಕೊಂದು ಮತವಿದೆ. ಆದರೆ ಮುಂಗಾರಿನ ತಿಂಗಳುಗಳಲ್ಲಿಯೇ ಮೋಡ ಹೆಚ್ಚು. ಮೋಡ ಬಂದು ಮಳೆ ಬಾರದ ವರ್ಷಗಳ ಸಂಕಟ ಈ ಸೀಮೆಯವರಿಗೆ ಹೊಸತಲ್ಲ. ಅಂತಹ ವರ್ಷ ಉಪಗ್ರಹಕ್ಕೂ ಬೆಳೆ ಕಾಣುವುದಿಲ್ಲ. ಮೋಡವನ್ನು ಭೇದಿಸಿ ನೋಡಬಲ್ಲದ್ದು ರೇಡಾರು. ನಮ್ಮದೇ ರೇಡಾರ್ ಉಪಗ್ರಹ ರಿಸ್ಯಾಟ್-1 ಮೇಲೇರಿದ್ದು 2012ರಲ್ಲಿ. ಅದಕ್ಕೆ ಮುಂಚೆ ಪ್ರವಾಹದ ನಕ್ಷೆಗಳಿಗಾಗಿ ಕೆನಡಾದ ರೇಡಾರ್‌ಸ್ಯಾಟ್ ಚಿತ್ರಗಳನ್ನು ಅವಲಂಬಿಸಬೇಕಾಗಿತ್ತು. 2022ರಲ್ಲಿ ಇ.ಒ.ಎಸ್.-04, 2025ರ ಜುಲೈ 30ರಂದು ಅಮೆರಿಕದೊಡನೆ ಕೂಡಿ ನಿರ್ಮಿಸಿದ ‘ನಿಸಾರ್’ ಈ ಸಾಲಿಗೆ ಸೇರಿದವು.

ಸರ್ಕಾರಗಳು ವಾಣಿಜ್ಯ ಸಂಸ್ಥೆಗಳತ್ತ ತಿರುಗಿದುದರ ಹಿನ್ನೆಲೆಯನ್ನು ಅಮೆರಿಕದ ಇತಿಹಾಸದಲ್ಲಿ ಕಾಣಬಹುದು. ಅಲ್ಲಿಯ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮಾರಾಟವನ್ನು 1984ರ ಕಾಯಿದೆಯ ಮೂಲಕ ಖಾಸಗಿಯವರಿಗೆ ವಹಿಸಿಕೊಡಲಾಯಿತು. ಒಂದೊಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರನ್ನು ಮೀರಿತು. ವಿಶ್ವವಿದ್ಯಾಲಯಗಳೂ ಕೊಳ್ಳುವುದನ್ನು ಬಿಟ್ಟವು. ಬೆಲೆ ಇಳಿದ ಮೇಲೂ 2001ರಲ್ಲಿ, ಮಾರಾಟದ ಅತ್ಯುತ್ತಮ ವರ್ಷದಲ್ಲಿ, ಹೋದ ಚಿತ್ರಗಳು ಸುಮಾರು 25,000. 2008ರಲ್ಲಿ ಅವುಗಳನ್ನು ಉಚಿತವಾಗಿ ಬಿಟ್ಟುಕೊಟ್ಟಾಗ ಒಂದು ವರ್ಷದೊಳಗೆ ಹತ್ತು ಲಕ್ಷಕ್ಕೂ ಮಿಕ್ಕಿ ಚಿತ್ರಗಳು ಜನರ ಕೈ ಸೇರಿದವು. ಉಪಗ್ರಹ ಅದೇ, ಚಿತ್ರ ಅದೇ. ಬದಲಾದದ್ದು ಹಂಚುವ ಕ್ರಮವಷ್ಟೆ. ಇದೇ ಅಮೆರಿಕದಲ್ಲಿ ರಕ್ಷಣೆಗೆ ಸಂಬಂಧಿಸಿದ ನಕ್ಷಾ ಸಂಸ್ಥೆ ಬೇರೆ ದಾರಿ ಹಿಡಿಯಿತು. 1999ರಲ್ಲಿ ಇಕೋನಾಸ್ ಎಂಬ ವಾಣಿಜ್ಯ ಉಪಗ್ರಹ ಒಂದು ಮೀಟರಿನಷ್ಟು ಸೂಕ್ಷ್ಮ ಚಿತ್ರಗಳನ್ನು ಮಾರತೊಡಗಿದ ಬಳಿಕ, 2003ರಿಂದ ಆ ಸಂಸ್ಥೆ ಇಂತಹ ಕಂಪನಿಗಳೊಡನೆ ದೀರ್ಘಾವಧಿಯ ಒಪ್ಪಂದಗಳನ್ನು ಮಾಡಿಕೊಂಡಿತು. ಕ್ರಮೇಣ ಚಿತ್ರಗಳನ್ನು ಮಾತ್ರವಲ್ಲದೆ ಅವುಗಳನ್ನು ಹುಡುಕಿ ತಲುಪಿಸುವ ವ್ಯವಸ್ಥೆಯನ್ನೂ ಅವರಿಂದಲೇ ಪಡೆಯತೊಡಗಿತು.

ಅಲ್ಲಿಂದೀಚೆಗೆ ವಾಣಿಜ್ಯ ಕ್ಷೇತ್ರ ಬೆಳೆದ ವೇಗ ಬೆರಗು ಹುಟ್ಟಿಸುವಂಥದು. 2017ರ ಫೆಬ್ರವರಿ 15ರಂದು ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟು ಒಮ್ಮೆಗೇ 104 ಉಪಗ್ರಹಗಳನ್ನು ಹೊತ್ತೊಯ್ದ ಸುದ್ದಿಯನ್ನು ಹಲವರು ನೆನೆಯಬಹುದು. ಅವುಗಳಲ್ಲಿ 88, ಅಮೆರಿಕದ ಪ್ಲಾನೆಟ್ ಎಂಬ ಒಂದೇ ಕಂಪನಿಯ ಪುಟ್ಟ ಉಪಗ್ರಹಗಳು. ಭೂಮಿಯ ನೆಲವನ್ನೆಲ್ಲ ದಿನಕ್ಕೊಂದು ಸಲ ಚಿತ್ರಿಸಬೇಕೆಂಬುದು ಅವರ ಹವಣಿಕೆ. ದಿನಕ್ಕೊಂದು ಚಿತ್ರ ಬರುವಾಗ ಮನುಷ್ಯ ಕುಳಿತು ಒಂದೊಂದನ್ನೇ ನೋಡುವ ಮಾತೆಲ್ಲಿ? ಆದ್ದರಿಂದಲೇ ಚಿತ್ರದ ವಿವರಪತ್ರವನ್ನು ಬಿಟ್ಟು ಚಿತ್ರದೊಳಗಿನ ವಸ್ತುವನ್ನೇ ಯಂತ್ರದಿಂದ ಹುಡುಕಿಸುವ ವಿದ್ಯೆ ಹುಟ್ಟಿಕೊಂಡಿತು. ‘ಕುಷ್ಟಗಿ ತಾಲ್ಲೂಕಿನಲ್ಲಿ ಈ ವಾರ ನೀರಿರುವ ಕೃಷಿಹೊಂಡಗಳೆಷ್ಟು?’ ಎಂಬ ಪ್ರಶ್ನೆಗೆ ಚಿತ್ರಗಳ ಪಟ್ಟಿಯ ಬದಲು ಹೊಂಡಗಳ ಪಟ್ಟಿಯನ್ನೇ ಕೊಡಬಲ್ಲ ವಿದ್ಯೆಯದು. ಈ ಕೌಶಲವನ್ನು ಬೆಳೆಸಿಕೊಂಡವರಲ್ಲಿ ಸರ್ಕಾರಿ ಸಂಸ್ಥೆಗಳಿಗಿಂತ ಕಂಪನಿಗಳೇ ಮುಂದು.

ನಮ್ಮಲ್ಲಿ ದಾರಿ ತೆರೆದುಕೊಂಡದ್ದು ನಿಧಾನವಾಗಿ. 2001ರ ನೀತಿಯಂತೆ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳ ಮೇಲೆ ನಿರ್ಬಂಧಗಳಿದ್ದವು. 2011ರಲ್ಲಿ ಆ ಮಿತಿ 1 ಮೀಟರಿಗೆ ಇಳಿಯಿತು. 2021ರ ಫೆಬ್ರವರಿ 15ರ ಮಾರ್ಗಸೂಚಿ ನಕ್ಷೆ ತಯಾರಿಸುವ ಕೆಲಸವನ್ನು ಭಾರತೀಯ ಕಂಪನಿಗಳಿಗೆ ಬಹುಮಟ್ಟಿಗೆ ಮುಕ್ತಗೊಳಿಸಿತು. 2023ರ ಬಾಹ್ಯಾಕಾಶ ನೀತಿಯು ಇಸ್ರೋ ಉಪಗ್ರಹಗಳ 5 ಮೀಟರು ಮತ್ತು ಅದಕ್ಕಿಂತ ಸ್ಥೂಲವಾದ ಚಿತ್ರಗಳು ಎಲ್ಲರಿಗೂ ಉಚಿತವೆಂದೂ, ಅದಕ್ಕಿಂತ ಸೂಕ್ಷ್ಮವಾದವು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಇತರರಿಗೆ ನ್ಯಾಯವಾದ ಬೆಲೆಗೆ ಲಭ್ಯವೆಂದೂ ಸಾರಿತು. 2025ರ ಆಗಸ್ಟಿನಲ್ಲಿ, ಖಾಸಗಿ ಬಾಹ್ಯಾಕಾಶ ಉದ್ಯಮಕ್ಕೆ ಅನುಮತಿ ನೀಡುವ ಇನ್‌ಸ್ಪೇಸ್ ಸಂಸ್ಥೆ, ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮುಂದಾಳ್ತನದ ಕೂಟವನ್ನು ಸ್ವದೇಶಿ ವಾಣಿಜ್ಯ ಭೂವೀಕ್ಷಣಾ ಉಪಗ್ರಹಗಳ ಸಮೂಹ ನಿರ್ಮಿಸಲು ಆರಿಸಿತು. ಸ್ಯಾಟ್‌ಶ್ಯೂರ್, ಧ್ರುವ ಸ್ಪೇಸ್, ಪಿಯರ್‌ಸೈಟ್ ಕಂಪನಿಗಳು ಅದರಲ್ಲಿ ಪಾಲುದಾರರು. ಹನ್ನೆರಡು ಉಪಗ್ರಹಗಳು, 1,200 ಕೋಟಿ ರೂಪಾಯಿಗೂ ಮಿಕ್ಕ ಬಂಡವಾಳ, ನಾಲ್ಕೈದು ವರ್ಷಗಳ ಅವಧಿ ಎಂಬುದು ಪ್ರಕಟವಾದ ಯೋಜನೆ.

ಸರ್ಕಾರ ಕೊಳ್ಳುವವನಾದಾಗ ಏನನ್ನು ಕೊಳ್ಳುತ್ತದೆ ಎಂಬುದೇ ಮುಖ್ಯವಾಗುತ್ತದೆ. ವಾಣಿಜ್ಯ ಚಿತ್ರವನ್ನು ಕೊಂಡರೂ ಅದು ಕೊಂಡವನ ಸ್ವತ್ತಾಗುವುದಿಲ್ಲ. ಬಳಸುವ ಪರವಾನಗಿ ಮಾತ್ರ ದೊರೆಯುತ್ತದೆ. ಒಂದು ಇಲಾಖೆಯ ಹೆಸರಿನಲ್ಲಿ ಪಡೆದ ಚಿತ್ರವನ್ನು ಇನ್ನೊಂದು ಇಲಾಖೆ ನೋಡಲಾಗದಂತಹ ಕರಾರುಗಳೂ ಉಂಟು. ಕೃಷಿ ಇಲಾಖೆ ಕೊಂಡುದನ್ನೇ ಕಂದಾಯ ಇಲಾಖೆ ಮತ್ತೆ ಕೊಳ್ಳುವ, ಗ್ರಾಮ ಪಂಚಾಯತಿಗಂತೂ ಕಣ್ಣಿನಿಂದ ನೋಡಲೂ ಸಿಗದ ಸ್ಥಿತಿ ಬಂದರೆ ಹನ್ನೆರಡಲ್ಲ, ನೂರು ಉಪಗ್ರಹಗಳಿದ್ದರೂ ಪ್ರಯೋಜನವಿಲ್ಲ. ಚಿತ್ರ ತೆಗೆದ ಎಷ್ಟು ತಾಸುಗಳೊಳಗೆ ತಲುಪಬೇಕು, ಯಾರು ಯಾರಿಗೆ ಹಂಚಬಹುದು, ಪರಿಹಾರ ನಿರಾಕರಿಸಲ್ಪಟ್ಟ ರೈತ ತನ್ನ ಹೊಲದ ಚಿತ್ರವನ್ನು ಕೇಳಿ ನೋಡಬಹುದೇ ಎಂಬ ವಿಷಯಗಳನ್ನು ಕರಾರಿನಲ್ಲಿಯೇ ಬರೆಯಿಸಬೇಕಾಗುತ್ತದೆ. ಚೌಕದ ಗಾತ್ರವನ್ನು ಕುರಿತ ಪೈಪೋಟಿಗಿಂತ ಇದು ಹೆಚ್ಚಿನ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳವರಿಗೆ ನದಿ ಎಲ್ಲಿಗೆ ಏರೀತೆಂಬುದು ತಿಳಿಯಬೇಕಾಗಿದ್ದದ್ದು ತಾಸುಗಳ ಲೆಕ್ಕದಲ್ಲಿ, ವಾರಗಳ ಲೆಕ್ಕದಲ್ಲಿ ಅಲ್ಲ.

ಇನ್ನೊಂದು ತೊಡಕು ಅಲ್ಪವೆಂದು ತೋರಿದರೂ ಅಲ್ಪವಲ್ಲ. ಹುಡುಕುವವರು ಸಾಮಾನ್ಯವಾಗಿ ಊರಿನ ಹೆಸರು ಬರೆದು ಹುಡುಕುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಗಂಗಾವತಿಯ ‘ವ’ಕಾರಕ್ಕೆ ಎರಡು ಬಗೆಯ ಅಕ್ಷರಗಳು ರೂಢಿಯಲ್ಲಿವೆ, ‘ತ’ಕಾರವನ್ನೂ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಯಲಬುರ್ಗಾಕ್ಕೆ ಮೂರು ನಾಲ್ಕು ವರ್ಣಕ್ರಮಗಳು. ನಿಜಾಮರ ಕಾಲದ ನಕ್ಷೆಗಳಲ್ಲಿ ಕೊಪ್ಪಳ ‘ಕೊಪ್‌ಬಾಳ್’ ಆಗಿದೆ. ಹಿರೇ, ಚಿಕ್ಕ ಎಂದು ಆರಂಭವಾಗುವ ಜೋಡಿ ಊರುಗಳನ್ನೂ, ತಾಲ್ಲೂಕಿಗೊಂದರಂತಿರುವ ಹೊಸಹಳ್ಳಿಗಳನ್ನೂ ಕುರಿತು ಹೇಳುವುದೇ ಬೇಡ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳದಲ್ಲಿ ಆಗ ಇದ್ದವು ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿದವು. ಹಳೆಯ ತಾಲ್ಲೂಕಿನ ಹೆಸರಿನಲ್ಲಿ ಜೋಡಿಸಿಟ್ಟ ಅಂಕಿಅಂಶ ಹೊಸ ತಾಲ್ಲೂಕಿನ ಹೆಸರಿನಲ್ಲಿ ಹುಡುಕಿದವನಿಗೆ ದೊರೆಯದು. ಹೊರದೇಶದ ಕಂಪನಿ ಎಷ್ಟೇ ಜಾಣವಾದರೂ ಇದನ್ನು ತಾನಾಗಿ ಅರಿಯಲಾರದು. ರಾಜ್ಯ ದೂರಸಂವೇದನಾ ಅನ್ವಯಿಕ ಕೇಂದ್ರದ ‘ದಿಶಾಂಕ್’ ಎಂಬ ಮೊಬೈಲ್ ಸಾಧನ ಈ ತೊಡಕನ್ನು ಬೇರೆ ಬಗೆಯಲ್ಲಿ ದಾಟಿದೆ: ಮನುಷ್ಯ ನಿಂತ ಜಾಗ ಯಾವ ಸರ್ವೆ ನಂಬರಿನದೆಂದು ಅದು ತಿಳಿಸುತ್ತದೆ, ಹೆಸರಿನ ಗೊಡವೆಯೇ ಇಲ್ಲ.

ಚಿತ್ರ ಹೊಲದವರೆಗೆ ತಲುಪಿದ ಒಂದು ನಿದರ್ಶನ ಈ ಜಿಲ್ಲೆಯಲ್ಲಿಯೇ ಇದೆ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತಕ್ಕೆ ಆರಿಸಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಒಂದು ಅಂಗುಲಕ್ಕೆ ಹತ್ತು ಚೈನು, ಅಂದರೆ 7,920ಕ್ಕೆ ಒಂದರ ಪ್ರಮಾಣದ ಹಳೆಯ ಗ್ರಾಮನಕ್ಷೆಗಳ ಮೇಲೆ ಉಪಗ್ರಹಚಿತ್ರಗಳನ್ನು ಹೊಂದಿಸಿ, ಮಣ್ಣುಶಾಸ್ತ್ರಜ್ಞರು ಕಿರುಜಲಾನಯನಗಳಲ್ಲಿ ಹೊಲಹೊಲ ತಿರುಗಿದರು. ಗುಂಡಿ ತೋಡಿ ಮಣ್ಣಿನ ಪದರಗಳನ್ನು ಪರೀಕ್ಷಿಸಿದರು. ಚಿತ್ರದಲ್ಲಿ ಒಂದೇ ಛಾಯೆಯಾಗಿ ಕಂಡ ಎರೆಯ ಕೆಳಗೆ ಒಂದೆಡೆ ಮಾರುದ್ದ ಮಣ್ಣು, ಇನ್ನೊಂದೆಡೆ ಮೊಳದಾಳದಲ್ಲಿಯೇ ಗರಸು ಇರಬಹುದು. ಇದನ್ನು ಗುದ್ದಲಿಯೇ ಹೇಳಬೇಕು. ಹೀಗೆ ಕೂಡಿಬಂದ ತಿಳಿವಳಿಕೆಯನ್ನು ರೈತರಿಗೆ ಕಾರ್ಡುಗಳ ರೂಪದಲ್ಲಿ ಹಂಚಲಾಯಿತು. ಮಣ್ಣಿನ ಆಳವೆಷ್ಟು, ಇಳಿಜಾರು ಎಷ್ಟು, ಯಾವ ಬೆಳೆ ಒಗ್ಗುತ್ತದೆ, ಬದು ಎಂತಹದಿರಬೇಕು ಎಂಬಂತಹ ವಿವರಗಳು ಅದರಲ್ಲಿವೆ. ಕಾರ್ಡು ಯಾವ ಹೊಲದ್ದೆಂದು ಗುರುತಿಸುವುದು ಸರ್ವೆ ನಂಬರಿನಿಂದ.